ಒಂದೇ ಚೀಲ, ಎರಡು ಭಂಗಿ: ಲೋಳೆಮೀನಿಗೂ ಹವಳಕ್ಕೂ ಇರುವ ನಂಟು

ಪ್ರಶ್ನೆ: ಮೇಡಂ, ಲೋಳೆಮೀನು ಮತ್ತು ಹವಳ ಒಂದೇ ಬಳಗದ ಪ್ರಾಣಿಗಳು ಅಂತ ಮಗಳ ಪಾಠದ ಪುಸ್ತಕದಲ್ಲಿ ಓದಿದೆ. ಒಂದು ತೇಲುವ ಲೋಳೆ, ಇನ್ನೊಂದು ಕಲ್ಲು. ಇವು ಹೇಗೆ ನೆಂಟರು? ಸತ್ತು ದಡಕ್ಕೆ ಬಿದ್ದ ಲೋಳೆಮೀನನ್ನು ಮುಟ್ಟಿದರೂ ಉರಿಯುತ್ತದಂತೆ, ನಿಜವೇ? ಹವಳ ಮೀನುಗಳಿಗೆ ಮನೆ ಅನ್ನೋದು ಗೊತ್ತು. ಆದರೆ ಲೋಳೆಮೀನಿನಿಂದ ಸಮುದ್ರಕ್ಕೆ ಏನಾದರೂ ಉಪಯೋಗ ಇದೆಯಾ, ಅಥವಾ ಬರೀ ಕಾಟವಾ? ಜೊತೆಗೆ ಒಂದು ಚಿತ್ರ ಕಳಿಸಿದ್ದೇನೆ. ಗಾಜಿನಂಥ ಮೈ, ಮೈಮೇಲೆ ಕಾಮನಬಿಲ್ಲಿನ ಬಣ್ಣ ಹರಿಯುವ ಗೆರೆಗಳು. ಇದು ಯಾವ ಲೋಳೆಮೀನು?

ಉತ್ತರ: ಚಿತ್ರದ ವಿಷಯವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಒಂದು ತಮಾಷೆ ಇದೆ.

ನಂಟು ತಿಳಿಯಬೇಕಾದರೆ ಒಂದು ಕಾಲುಚೀಲ ತೆಗೆದುಕೊಳ್ಳಿ. ಬಾಯಿ ಮೇಲೆ ಮಾಡಿ ನಿಲ್ಲಿಸಿ. ಬಾಯಿಯ ಸುತ್ತ ದಾರದ ಎಳೆಗಳನ್ನು ಕಟ್ಟಿ, ತಳವನ್ನು ಬಂಡೆಗೆ ಅಂಟಿಸಿ. ಇದು ಹವಳದ ಪ್ರಾಣಿ. ಈಗ ಅದನ್ನೇ ಬಂಡೆಯಿಂದ ಕಿತ್ತು ತಲೆಕೆಳಗು ಮಾಡಿ. ಬಾಯಿ ಕೆಳಗೆ ಬಂತು, ಎಳೆಗಳು ಜೋತುಬಿದ್ದವು. ಚೀಲವನ್ನು ಸ್ವಲ್ಪ ಅಗಲ ಮಾಡಿ ಕೊಡೆಯ ಆಕಾರ ಕೊಡಿ. ಇದು ಲೋಳೆಮೀನು. ಅಷ್ಟೇ ವ್ಯತ್ಯಾಸ. ಅಂಟಿಕೊಂಡು ಕೂತ ಭಂಗಿಗೆ ಪಾಲಿಪ್ ಎನ್ನುತ್ತೇವೆ, ತೇಲುವ ಭಂಗಿಗೆ ಮೆಡೂಸಾ. ಎಳೆಗಳೇ ಕರಬಳ್ಳಿಗಳು.

ಈ ಚೀಲದ ಗೋಡೆಯಲ್ಲಿ ಜೀವಕೋಶಗಳ ಎರಡೇ ಪದರ. ಹೊರಗೊಂದು, ಒಳಗೊಂದು. ನಡುವೆ ಲೋಳೆಯಂಥ ಪದಾರ್ಥ. ಲೋಳೆಮೀನಿನಲ್ಲಿ ಈ ಲೋಳೆಯೇ ದಪ್ಪವಾಗಿ ಉಬ್ಬಿರುತ್ತದೆ, ಅದರ ತೂಕದಲ್ಲಿ ನೂರಕ್ಕೆ 95 ಭಾಗ ಬರೀ ನೀರು. ಚೀಲಕ್ಕೆ ಇರುವುದು ಒಂದೇ ಬಾಯಿ. ಊಟ ಹೋಗುವುದೂ ಅಲ್ಲೇ, ಕಸ ಬರುವುದೂ ಅಲ್ಲೇ. ಹೃದಯ ಇಲ್ಲ, ರಕ್ತ ಇಲ್ಲ, ಶ್ವಾಸಕೋಶವೂ ಇಲ್ಲ. ಗೋಡೆ ಅಷ್ಟು ತೆಳ್ಳಗಿರುವಾಗ ನೀರಿನಲ್ಲಿರುವ ಆಮ್ಲಜನಕ ನೇರವಾಗಿ ಒಳಗೆ ಇಳಿಯುತ್ತದೆ, ಬೇರೆ ಏರ್ಪಾಡು ಯಾಕೆ ಬೇಕು? ಮಿದುಳೂ ಇಲ್ಲ. ಮೈತುಂಬ ಹರಡಿದ ನರಗಳ ಬಲೆ ಇದೆ.

ಮಿದುಳಿಲ್ಲ ಎಂದ ಕೂಡಲೇ ದಡ್ಡ ಪ್ರಾಣಿ ಅಂದುಕೊಳ್ಳಬೇಡಿ. ಪೆಟ್ಟಿಗೆಯ ಆಕಾರದ ಲೋಳೆಮೀನುಗಳಿಗೆ 24 ಕಣ್ಣುಗಳಿವೆ, ಆರಾರರ ನಾಲ್ಕು ಗುಂಪು. ಅವುಗಳಲ್ಲಿ ಕೆಲವು ಕಣ್ಣುಗಳಿಗೆ ನಮ್ಮ ಕಣ್ಣಿನ ಹಾಗೆ ಮಸೂರವೂ ಇದೆ. ಉಗುರಿನಷ್ಟು ಅಗಲದ ಇಂಥದೊಂದು ಜಾತಿ ಮ್ಯಾಂಗ್ರೋವ್ ಬೇರುಗಳ ನಡುವೆ ಈಜುತ್ತದೆ. ಅದು ಕೆಲವು ಸಲ ಅಡ್ಡಿಗೆ ಡಿಕ್ಕಿ ಹೊಡೆದ ಮೇಲೆ ಪಾಠ ಕಲಿತು ತಪ್ಪಿಸಿಕೊಂಡು ಹೋಗುತ್ತದೆ ಎಂದು 2023ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ.

ಈಗ ನಂಟಿನ ನಿಜವಾದ ಗುರುತಿಗೆ ಬರೋಣ. ಚೀಲದ ಆಕಾರ ಒಂದೇ ಅನ್ನುವುದಷ್ಟೇ ಸಾಕಾಗುವುದಿಲ್ಲ, ಅಲ್ವಾ? ಈ ಬಳಗಕ್ಕೆ ನೈಡೇರಿಯಾ ಎಂದು ಹೆಸರು. ಇದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜಾತಿಗಳಿವೆ, ಎಲ್ಲದರಲ್ಲೂ ಒಂದು ಅಸ್ತ್ರ ಇದ್ದೇ ಇರುತ್ತದೆ. ಅದು ಕುಟುಕು ಕಣ. ಒಂದೇ ಜೀವಕೋಶದ ಒಳಗೆ ಒಂದು ಪುಟ್ಟ ಡಬ್ಬಿ, ಅದಕ್ಕೊಂದು ಮುಚ್ಚಳ, ಒಳಗೆ ಸುರುಳಿ ಸುತ್ತಿಟ್ಟ ಟೊಳ್ಳು ದಾರ. ಡಬ್ಬಿಯ ಒಳಗಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡಕ್ಕಿಂತ ಸುಮಾರು 150 ಪಟ್ಟು. ಏನಾದರೂ ತಾಗಿದರೆ ಮುಚ್ಚಳ ಹಾರಿ, ದಾರ ಒಳಮೈ ಹೊರಗಾಗಿ ಚಿಮ್ಮಿ, ಬೇಟೆಯ ಚರ್ಮಕ್ಕೆ ಚುಚ್ಚಿ ವಿಷ ಬಿಡುತ್ತದೆ. ಇದೇ ಬಳಗದ, ಸಿಹಿನೀರಿನಲ್ಲಿ ಬದುಕುವ ಪುಟ್ಟ ಪ್ರಾಣಿ ಹೈಡ್ರಾದಲ್ಲಿ ಇದನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು ಅಳೆದಿದ್ದಾರೆ. ದಾರದ ಬುಡದಲ್ಲಿರುವ ಚುಚ್ಚುವ ಮುಳ್ಳು ಹೊರಚಿಮ್ಮಲು ಬೇಕಾದದ್ದು 700 ನ್ಯಾನೊಸೆಕೆಂಡ್. ಅಂದರೆ ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿದರೆ ಅದರಲ್ಲಿ ಒಂದು ಚೂರೂ ಪೂರ್ತಿ ಬೇಡ. ಪ್ರಾಣಿಲೋಕದಲ್ಲಿ ಇದಕ್ಕಿಂತ ಚುರುಕಾದ ಚಲನೆ ನನಗೆ ಗೊತ್ತಿಲ್ಲ.

ಸತ್ತ ಲೋಳೆಮೀನಿನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಹೌದು, ಉರಿಯುತ್ತದೆ. ಡಬ್ಬಿ ಸಿಡಿಯಲು ಯಾರ ಅಪ್ಪಣೆಯೂ ಬೇಕಿಲ್ಲ. ಒಡೆಯ ಸತ್ತರೂ ಬಿಲ್ಲಿಗೆ ಹೂಡಿದ ಬಾಣ ಹೂಡಿದ ಹಾಗೇ ಇರುತ್ತದೆ. ನಾನು ಕಲಿಯುತ್ತಿದ್ದ ದಿನಗಳಲ್ಲಿ ಒಣಗಿದ್ದ ಬಲೆಯೊಂದನ್ನು ಬರಿಗೈಯಲ್ಲಿ ತೊಳೆಯಲು ಹೋಗಿ ಮೊಣಕೈವರೆಗೆ ಬಾಸುಂಡೆ ಬರಿಸಿಕೊಂಡಿದ್ದೆ. ಅದರಲ್ಲಿ ಅಂಟಿಕೊಂಡಿದ್ದ ಕರಬಳ್ಳಿಯ ಚೂರುಗಳು ನೀರು ತಾಗಿದ್ದೇ ತಡ, ಕೆಲಸ ಶುರು ಮಾಡಿದ್ದವು. ಹಾಗಾಗಿ ಕುಟುಕಿಸಿಕೊಂಡರೆ ಉಜ್ಜಬೇಡಿ, ಕುಡಿಯುವ ನೀರು ಸುರಿಯಬೇಡಿ. ಎರಡರಿಂದಲೂ ಸಿಡಿಯದೆ ಉಳಿದ ಡಬ್ಬಿಗಳು ಸಿಡಿಯುತ್ತವೆ. ಮೂತ್ರ ಹಾಕಿದರೆ ವಾಸಿ ಅನ್ನುವುದು ಸುಮ್ನೆ ಮಾತು. ಕರಬಳ್ಳಿಯ ಚೂರನ್ನು ಚಿಮಟ ಅಥವಾ ಕಡ್ಡಿಯಿಂದ ಎತ್ತಿ ತೆಗೆದು, ಸಮುದ್ರದ ನೀರಿನಿಂದಲೇ ತೊಳೆಯಿರಿ. ಹೆಚ್ಚಿನ ಜಾತಿಗಳ ಉರಿಗೆ 45 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತಲಿನ, ಚರ್ಮ ಸುಡದಷ್ಟು ಬಿಸಿಯ ನೀರಿನಲ್ಲಿ 20 ನಿಮಿಷ ಅದ್ದಿಟ್ಟರೆ ಇಳಿಯುತ್ತದೆ. ಉಸಿರಾಟಕ್ಕೆ ತೊಂದರೆ, ಎದೆನೋವು, ವಾಂತಿ ಏನಾದರೂ ಬಂದರೆ ಮನೆಮದ್ದು ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ. ಪೆಟ್ಟಿಗೆ ಲೋಳೆಮೀನುಗಳಲ್ಲಿ ಕೆಲವು ಜಾತಿಗಳ ವಿಷ ನಿಮಿಷಗಳಲ್ಲೇ ಜೀವ ತೆಗೆಯಬಲ್ಲದು.

ಹವಳ ಕಲ್ಲು ಅನ್ನಿಸಿದ್ದು ನಿಮಗೊಬ್ಬರಿಗೇ ಅಲ್ಲ. ನೂರಾರು ವರ್ಷ ಪಂಡಿತರು ಅದನ್ನು ಕಲ್ಲು ಅಥವಾ ಗಿಡ ಎಂದೇ ನಂಬಿದ್ದರು. 1720ರ ದಶಕದಲ್ಲಿ ಮಾರ್ಸೇಲ್‌ನ ವೈದ್ಯ ಪೆಯಿಸ್ಸೊನೆಲ್, ಆಭರಣಕ್ಕೆ ಬಳಸುವ ಕೆಂಪು ಹವಳವನ್ನು ಸಮುದ್ರದ ನೀರಿನಲ್ಲಿಟ್ಟು ನೋಡಿದರು. ಅದರ ಮೇಲಿನ 'ಹೂಗಳು' ನೀರಲ್ಲಿ ಅರಳುತ್ತಿದ್ದವು, ಮುಟ್ಟಿದರೆ ಮುದುಡುತ್ತಿದ್ದವು. ಇವು ಹೂಗಳಲ್ಲ, ಪ್ರಾಣಿಗಳು ಎಂದು ಅವರು ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಗೆ ಬರೆದರು. ಅಲ್ಲಿನ ದೊಡ್ಡ ಹೆಸರು ರೆಯೊಮ್ಯೂರ್. ಅವರಿಗೆ ಈ ಮಾತು ಎಷ್ಟು ವಿಚಿತ್ರ ಅನ್ನಿಸಿತು ಎಂದರೆ, ವಿಷಯವನ್ನು ಸಭೆಯ ಮುಂದಿಟ್ಟಾಗ ಪೆಯಿಸ್ಸೊನೆಲ್ ಹೆಸರನ್ನೇ ಹೇಳಲಿಲ್ಲ. ಮರ್ಯಾದೆ ಉಳಿಸಿದ ಹಾಗೆ! ಆಮೇಲೆ 1740ರಲ್ಲಿ ಟ್ರೆಂಬ್ಲೆ ಎಂಬವರು ಕೊಳದ ನೀರಿನ ಹೈಡ್ರಾವನ್ನು ಎರಡು ತುಂಡು ಮಾಡಿದರು. ಒಂದೊಂದು ತುಂಡೂ ಒಂದೊಂದು ಪೂರ್ತಿ ಹೈಡ್ರಾ ಆಯಿತು. ಗಿಡದ ಹಾಗೆ ಚಿಗುರುವ ಪ್ರಾಣಿಯೂ ಇರಬಹುದು ಎಂದು ಒಪ್ಪಿಕೊಂಡ ಮೇಲೆ ಹವಳದ ಮಾತನ್ನೂ ಒಪ್ಪಬೇಕಾಯಿತು. ಪೆಯಿಸ್ಸೊನೆಲ್ ಬಗ್ಗೆ ನನಗೆ ಯಾವಾಗಲೂ ಒಂದು ಮರುಕ. ಕಣ್ಣಾರೆ ಕಂಡದ್ದನ್ನು ಹೇಳಿ ಅಷ್ಟು ವರ್ಷ ಕಾದ ಮನುಷ್ಯ.

ಎರಡೂ ಭಂಗಿ ಒಂದೇ ಪ್ರಾಣಿಯದು ಎನ್ನುವುದಕ್ಕೆ ಒಳ್ಳೆಯ ಸಾಕ್ಷಿ ಚಂದ್ರ ಲೋಳೆಮೀನು. ತಟ್ಟೆಯಷ್ಟು ಅಗಲ, ನಡುವೆ ನಾಲ್ಕು ಬಳೆಗಳಂಥ ಗುರುತು, ಸಮಶೀತೋಷ್ಣ ಸಮುದ್ರಗಳಲ್ಲಿ ತುಂಬ ಸಾಮಾನ್ಯ. ಇದರ ಮೊಟ್ಟೆಯಿಂದ ಲೋಳೆಮೀನು ಬರುವುದಿಲ್ಲ. ಕೂದಲಿನಂಥ ಎಳೆಗಳಿಂದ ಈಜುವ ಒಂದು ಚುಕ್ಕಿ ಮರಿ ಬರುತ್ತದೆ. ಅದು ಬಂಡೆ, ಚಿಪ್ಪು, ಹಡಗುಕಟ್ಟೆಯ ತಳ, ಏನಾದರೂ ಗಟ್ಟಿ ಜಾಗ ಹುಡುಕಿ ಅಂಟಿಕೊಂಡು ಪಾಲಿಪ್ ಆಗುತ್ತದೆ. ಆಗ ನೋಡಿದರೆ ಪುಟಾಣಿ ಹವಳದ ಪ್ರಾಣಿಯೇ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಾಗೇ ಇದ್ದು, ಪಕ್ಕದಲ್ಲಿ ಇನ್ನಷ್ಟು ಪಾಲಿಪ್‌ಗಳನ್ನು ಮೊಳೆಯಿಸುತ್ತದೆ. ಹವೆ ಬದಲಾದಾಗ ಅದರ ಮೈ ಅಡ್ಡಡ್ಡಕ್ಕೆ ಸೀಳಿ, ಒಂದರ ಮೇಲೊಂದು ಜೋಡಿಸಿದ ತಟ್ಟೆಗಳ ಹಾಗೆ ಆಗುತ್ತದೆ. ಮೇಲಿನ ತಟ್ಟೆ ಮಿಡಿಯುತ್ತಾ ಕಳಚಿಕೊಂಡು ಈಜಿ ಹೋಗುತ್ತದೆ. ಆಮೇಲೆ ಅದರ ಕೆಳಗಿನದು. ಪ್ರಯೋಗಾಲಯದಲ್ಲಿ ಒಂದು ಗಾಜಿನ ಬಟ್ಟಲಲ್ಲಿ ಇವನ್ನು ಸಾಕಿದ್ದೆ. ಒಂದು ಬೆಳಿಗ್ಗೆ ಬಂದು ನೋಡಿದರೆ ಬಟ್ಟಲ ತುಂಬ ಎಂಟು ತೋಳಿನ ನಕ್ಷತ್ರಗಳು, ಒಂದೊಂದೂ ಕೆಲವೇ ಮಿಲಿಮೀಟರ್, ಎಲ್ಲವೂ ಪಟಪಟ ಮಿಡಿಯುತ್ತಿದ್ದವು. ಆವತ್ತು ಬೇರೆ ಕೆಲಸ ಆಗಲಿಲ್ಲ.

ಹವಳ ಮತ್ತು ಅದರ ಹತ್ತಿರದ ನೆಂಟನಾದ, ಹೂವಿನಂತೆ ಕಾಣುವ ಸೀ ಅನಿಮೋನ್ ಈ ತೇಲುವ ಘಟ್ಟವನ್ನೇ ಕಾಣುವುದಿಲ್ಲ, ಜೀವನಪೂರ್ತಿ ಪಾಲಿಪ್. ಇನ್ನು ತುರಿಟಾಪ್ಸಿಸ್ ಎಂಬ ಪುಟ್ಟ ಮೆಡೂಸಾ ಉಲ್ಟಾ. ಪೆಟ್ಟಾದರೆ, ಹಸಿವಾದರೆ ಮುದುಡಿ ಮತ್ತೆ ಪಾಲಿಪ್ ಆಗಿಬಿಡುತ್ತದೆ, ಕೋಳಿ ಮತ್ತೆ ಮೊಟ್ಟೆಯಾದ ಹಾಗೆ. ಇದಕ್ಕೇ 'ಸಾವಿಲ್ಲದ ಲೋಳೆಮೀನು' ಎಂಬ ಹೆಸರು ಬಂದದ್ದು. ಹೆಸರು ಸ್ವಲ್ಪ ಜಾಸ್ತಿಯಾಯಿತು. ಸಮುದ್ರದಲ್ಲಿ ಮುಕ್ಕಾಲುಪಾಲು ಯಾರದೋ ಹೊಟ್ಟೆ ಸೇರುತ್ತವೆ.

ಹಾಗಾದರೆ ಕಲ್ಲು ಎಲ್ಲಿಂದ ಬಂತು? ಹವಳದ ಪಾಲಿಪ್ ಬಹಳ ಸಲ ಅಕ್ಕಿಕಾಳಿನಷ್ಟು ಚಿಕ್ಕದು. ಅದು ನೀರಿನಿಂದ ಕ್ಯಾಲ್ಸಿಯಂ ಹೀರಿ, ತನ್ನ ತಳದಲ್ಲಿ ಸುಣ್ಣದ ಬಟ್ಟಲು ಕಟ್ಟಿ ಅದರಲ್ಲಿ ಕೂರುತ್ತದೆ. ಪಕ್ಕದಲ್ಲಿ ಇನ್ನೊಂದು ಮೊಳೆಯುತ್ತದೆ, ಅದೂ ಕಟ್ಟುತ್ತದೆ. ಸಾವಿರಾರು ಪಾಲಿಪ್‌ಗಳು ತೆಳುವಾದ ಒಂದೇ ಚರ್ಮದಡಿ ಕೂಡಿಕೊಂಡು ಮೇಲೆ ಮೇಲೆ ಕಟ್ಟುತ್ತಾ ಹೋಗುತ್ತವೆ. ದುಂಡು ಬಂಡೆಯಂಥ ಜಾತಿ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ. ಜಿಂಕೆ ಕೊಂಬಿನಂಥವು ಹತ್ತು ಸೆಂಟಿಮೀಟರ್, ಕೆಲವೊಮ್ಮೆ ಇನ್ನೂ ಜಾಸ್ತಿ. ಇದೇನು ಮಹಾ ಅನ್ನಬೇಡಿ. ದ್ವೀಪಗಳು ನಿಧಾನವಾಗಿ ಮುಳುಗುತ್ತಿರುತ್ತವೆ, ಹವಳ ಮಾತ್ರ ಬೆಳಕಿಗಾಗಿ ಮೇಲೇರುತ್ತಲೇ ಇರುತ್ತದೆ, ಕೊನೆಗೆ ಉಂಗುರದಂಥ ದಿಬ್ಬ ಮಾತ್ರ ಉಳಿಯುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಬರೆದಿದ್ದರು. 1952ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್ ಹವಳದ್ವೀಪದಲ್ಲಿ ಕೊಳವೆ ಕೊರೆದರು. ಸುಮಾರು 1,400 ಮೀಟರ್ ಸುಣ್ಣದ ಕಲ್ಲನ್ನು ದಾಟಿದ ಮೇಲೆ ಜ್ವಾಲಾಮುಖಿಯ ಬಂಡೆ ಸಿಕ್ಕಿತು. 110 ವರ್ಷ ಹಿಂದಿನ ಊಹೆ ನಿಜವಾಯಿತು. ಒಂದು ಕಿಲೋಮೀಟರಿಗಿಂತ ಎತ್ತರದ ಕಟ್ಟಡ, ಕಟ್ಟಿದ್ದು ಅಕ್ಕಿಕಾಳಿನಷ್ಟು ಪ್ರಾಣಿ.

ಇದಕ್ಕೆ ಬೇಕಾದ ಶಕ್ತಿ ಬೇಟೆಯಿಂದಷ್ಟೇ ಬರುವುದಿಲ್ಲ. ಉಷ್ಣವಲಯದ ಹವಳದ ಒಳಪದರದ ಜೀವಕೋಶಗಳಲ್ಲಿ ಒಂದು ಬಗೆಯ ಏಕಕೋಶ ಪಾಚಿ ಬಾಡಿಗೆಗಿದೆ. ಒಂದು ಚದರ ಸೆಂಟಿಮೀಟರಿನಲ್ಲಿ ಲಕ್ಷಗಟ್ಟಲೆ. ಪಾಚಿ ಬಿಸಿಲಲ್ಲಿ ಸಕ್ಕರೆ ಮಾಡಿ ಹೆಚ್ಚಿನ ಪಾಲನ್ನು ಮನೆ ಯಜಮಾನನಿಗೆ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ 90% ವರೆಗೂ ಹೀಗೆ ಬರಬಹುದು. ಬದಲಿಗೆ ಹವಳ ತನ್ನ ಮೈಯ ಕಸವನ್ನು, ಅಂದರೆ ಸಾರಜನಕ, ಇಂಗಾಲದ ಡೈಆಕ್ಸೈಡ್ ಇವನ್ನು, ಪಾಚಿಗೆ ಗೊಬ್ಬರವಾಗಿ ಕೊಡುತ್ತದೆ. ಏನೂ ಹೊರಗೆ ಚೆಲ್ಲುವುದಿಲ್ಲ. ಹವಳದ ಸುತ್ತಲಿನ ನೀರು ಗಾಜಿನಷ್ಟು ತಿಳಿಯಾಗಿರುವುದು ಏಕೆ ಗೊತ್ತಾ? ಅದರಲ್ಲಿ ಪೋಷಕಾಂಶವೇ ಇಲ್ಲ, ಅದೊಂದು ಮರುಭೂಮಿ. ಆ ಮರುಭೂಮಿಯ ನಡುವೆ ಈ ಉಳಿತಾಯದ ಸಂಸಾರದಿಂದಲೇ ಒಂದು ಕಾಡು ಎದ್ದು ನಿಂತಿದೆ. ಹವಳದ ದಿಬ್ಬಗಳು ಸಮುದ್ರತಳದ 1% ಜಾಗವನ್ನೂ ಆವರಿಸಿಲ್ಲ. ಆದರೂ ಗೊತ್ತಿರುವ ಸಮುದ್ರಜೀವಿಗಳಲ್ಲಿ ಕಾಲುಭಾಗದಷ್ಟು ಜಾತಿಗಳು ಬದುಕಿನ ಯಾವುದಾದರೂ ಹಂತದಲ್ಲಿ ಅವನ್ನು ನಂಬಿವೆ. ದಡಕ್ಕೆ ಬರುವ ಅಲೆಯ ಹೊಡೆತವನ್ನೂ ಅವೇ ಮೊದಲು ತಿನ್ನುತ್ತವೆ.

ಈ ಸಂಸಾರ ಒಡೆಯುವುದು ಬಿಸಿಯಿಂದ. ಆಯಾ ಜಾಗದ ಬೇಸಿಗೆಯ ಗರಿಷ್ಠ ಮಟ್ಟಕ್ಕಿಂತ ನೀರು ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ಇದ್ದರೆ ಸಾಕು. ಪಾಚಿಯ ಬೆಳಕಿನ ಯಂತ್ರ ಕೆಟ್ಟು, ಸಕ್ಕರೆಯ ಬದಲು ಜೀವಕೋಶವನ್ನು ಸುಡುವ ಆಮ್ಲಜನಕದ ರೂಪಗಳನ್ನು ಉಗುಳುತ್ತದೆ. ಹವಳ ಬಾಡಿಗೆದಾರನನ್ನು ಹೊರಹಾಕುತ್ತದೆ. ಬಣ್ಣ ಕೊಡುತ್ತಿದ್ದದ್ದೇ ಪಾಚಿ, ಹಾಗಾಗಿ ಪಾರದರ್ಶಕ ಚರ್ಮದ ಕೆಳಗಿನ ಬಿಳಿ ಸುಣ್ಣ ಕಾಣುತ್ತದೆ. ಬಿಳಿಚಿದ ಹವಳ ಸತ್ತಿಲ್ಲ, ಉಪವಾಸ ಇದೆ ಎಂದು ತಿಳಿಯಿರಿ. ಬೇಗ ತಂಪಾದರೆ ಪಾಚಿ ಮರಳಿ ಬರುತ್ತದೆ, ಇಲ್ಲದಿದ್ದರೆ ಸಾವು. ಇಡೀ ಲೋಕದ ಮಟ್ಟದಲ್ಲಿ ಹೀಗಾದದ್ದು 1998ರಲ್ಲಿ, 2010ರಲ್ಲಿ, 2014ರಿಂದ 2017ರವರೆಗೆ. ನಾಲ್ಕನೆಯದನ್ನು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು. ಅದರಲ್ಲಿ ಜಗತ್ತಿನ ಹವಳದ ಜಾಗದ ಸುಮಾರು 84% ಬಿಳಿಚುವಷ್ಟು ಬಿಸಿ ಕಂಡಿದೆ. ಹಿಂದಿನ ಯಾವ ಸಲವೂ ಇಷ್ಟಾಗಿರಲಿಲ್ಲ. ಹವಳ ನೆಟ್ಟು ಬೆಳೆಸುವ ಕೆಲಸಗಳು ಅಲ್ಲಲ್ಲಿ ನಡೆಯುತ್ತಿವೆ, ಒಳ್ಳೆಯದೇ. ಆದರೆ ನೀರೇ ಬಿಸಿಯಾದಾಗ ನೆಟ್ಟದ್ದೂ ಬಿಳಿಚುತ್ತದೆ. ಈ ಮಾತನ್ನು ನೆಡುವವರು ಇನ್ನೂ ಗಟ್ಟಿಯಾಗಿ ಹೇಳಬೇಕು ಎಂದು ನನಗೆ ಅನ್ನಿಸುತ್ತದೆ.

ಅಂದಹಾಗೆ, ಎಲ್ಲ ಹವಳವೂ ಬಿಸಿಲಿನ ಮಗು ಅಲ್ಲ. ಗೊತ್ತಿರುವ ಹವಳದ ಜಾತಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕತ್ತಲಿನ, ತಣ್ಣನೆಯ ಆಳದಲ್ಲಿವೆ. ಅಲ್ಲಿ ಪಾಚಿ ಇಲ್ಲ, ಬರೀ ಬೇಟೆ. ಹವಾಯಿಯ ಹತ್ತಿರ ಆಳದಲ್ಲಿ ಸಿಕ್ಕ ಒಂದು ಕರಿ ಹವಳದ ವಯಸ್ಸು 4,000 ವರ್ಷ ದಾಟಿತ್ತು.

ಈಗ ಲೋಳೆಮೀನಿನ ಉಪಯೋಗ. ಕೆಲವು ದಶಕಗಳ ಹಿಂದೆ ನಮ್ಮಂಥವರೇ ಅದನ್ನು ದಾರಿಯ ಕೊನೆ ಎಂದು ಪಾಠ ಮಾಡುತ್ತಿದ್ದೆವು. ಎಲ್ಲವನ್ನೂ ತಿನ್ನುತ್ತದೆ, ಅದನ್ನು ಯಾರೂ ತಿನ್ನುವುದಿಲ್ಲ, 95% ನೀರು ತಿಂದು ಯಾರಿಗೆ ಹೊಟ್ಟೆ ತುಂಬೀತು ಅನ್ನುವ ಲೆಕ್ಕ. ಆ ಲೆಕ್ಕ ತಪ್ಪಿತ್ತು. ತಿಂದ ಪ್ರಾಣಿಯ ಹೊಟ್ಟೆ ಕೊಯ್ದು ನೋಡಿದರೆ ಲೋಳೆ ಅಷ್ಟರಲ್ಲಿ ಕರಗಿಹೋಗಿರುತ್ತಿತ್ತು, ಹಾಗಾಗಿ ಕಾಣುತ್ತಿರಲಿಲ್ಲ. ಪೆಂಗ್ವಿನ್‌ಗಳ ಬೆನ್ನಿಗೆ ಪುಟ್ಟ ಕ್ಯಾಮೆರಾ ಕಟ್ಟಿದಾಗ ಅವು ಲೋಳೆಮೀನನ್ನು ಬೇಕೆಂದೇ ಬೆನ್ನಟ್ಟಿ ಕುಕ್ಕುವುದು ಕಂಡಿತು. ಆಲ್ಬಟ್ರಾಸ್ ಹಕ್ಕಿಯ ಹಿಕ್ಕೆಯಲ್ಲಿ ಲೋಳೆಮೀನಿನ ಡಿಎನ್‌ಎ ಸಿಕ್ಕಿತು. ಕಡಲಾಮೆಗಳಲ್ಲೇ ದೊಡ್ಡದಾದ ಲೆದರ್‌ಬ್ಯಾಕ್ ಆಮೆ ಮುಖ್ಯವಾಗಿ ಇದನ್ನೇ ತಿಂದು ನೂರಾರು ಕಿಲೋ ತೂಗುತ್ತದೆ. ಒಂದರಲ್ಲಿ ಸಾರ ಕಡಿಮೆ ಇರಬಹುದು. ಆದರೆ ಅದು ಓಡಿಹೋಗುವುದಿಲ್ಲ, ಬೇಗ ಅರಗುತ್ತದೆ, ಬೇಕಾದಷ್ಟು ಸಿಗುತ್ತದೆ. ಪ್ಲಾಸ್ಟಿಕ್ ಚೀಲವನ್ನು ಲೋಳೆಮೀನೆಂದು ಆ ಆಮೆ ನುಂಗುವ ಸಂಕಟವೂ ಈ ರುಚಿಯಿಂದಲೇ ಬಂದದ್ದು.

ಕೊಡೆಯ ಕೆಳಗೆ ಮೀನಿನ ಮರಿಗಳು ಕರಬಳ್ಳಿಗಳ ನಡುವೆ ಅಡಗಿ ಬೆಳೆಯುತ್ತವೆ. ದಡವಿಲ್ಲದ ತೆರೆದ ಸಮುದ್ರದಲ್ಲಿ ಅದಕ್ಕಿಂತ ಒಳ್ಳೆಯ ಆಸರೆ ಎಲ್ಲಿದೆ? ಹಿಂಡುಗಟ್ಟಿ ಬೆಳೆದ ಲೋಳೆಮೀನುಗಳು ಒಟ್ಟಿಗೆ ಸತ್ತಾಗ ಹೆಣಗಳು ತಳಕ್ಕೆ ಇಳಿಯುತ್ತವೆ, ಮೇಲಿನ ಇಂಗಾಲವನ್ನು ಹೊತ್ತುಕೊಂಡು. ಒಮಾನ್ ಕರಾವಳಿಯಾಚೆ 2002ರಲ್ಲಿ ಸಮುದ್ರದ ತಳದಲ್ಲಿ ಇಂಥ ಹೆಣಗಳ ಹಾಸೇ ಕಂಡಿತ್ತು. ಕತ್ತಲಿನ ತಳದಲ್ಲಿರುವವರಿಗೆ ಅದು ಹಬ್ಬ. ಮನುಷ್ಯರ ಲೆಕ್ಕದಲ್ಲಿ ಉಪಯೋಗ ಬೇಕೆಂದರೆ ಅದೂ ಇದೆ. ಈಕೋರಿಯಾ ಎಂಬ ಲೋಳೆಮೀನಿನಿಂದ ಒಸಾಮು ಶಿಮೊಮುರಾ 1962ರಲ್ಲಿ ಹಸಿರು ಹೊಳೆಯುವ ಪ್ರೋಟೀನ್ ಬೇರ್ಪಡಿಸಿದ್ದನ್ನು ವರದಿ ಮಾಡಿದರು. ಇವತ್ತು ಜೀವಕೋಶದೊಳಗೆ ಏನು ನಡೆಯುತ್ತಿದೆ ಎಂದು ನೋಡಲು ಆ ಪ್ರೋಟೀನೇ ದೀಪ. 2008ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಅವರಿಗೂ ಇನ್ನಿಬ್ಬರಿಗೂ ಸಿಕ್ಕಿದ್ದು ಇದಕ್ಕೇ.

ಕಾಟ ಇಲ್ಲವೆಂದಲ್ಲ. 2009ರಲ್ಲಿ ಜಪಾನಿನ ಹತ್ತು ಟನ್ ತೂಕದ ಮೀನು ದೋಣಿಯೊಂದು ನೊಮುರಾ ಲೋಳೆಮೀನುಗಳಿಂದ ತುಂಬಿದ ಬಲೆ ಎಳೆಯಲು ಹೋಗಿ ಮಗುಚಿತು. ಒಂದೊಂದೂ 200 ಕಿಲೋವರೆಗೆ ಬೆಳೆಯುವ ಜಾತಿ ಅದು. 2013ರಲ್ಲಿ ಸ್ವೀಡನ್ನಿನ ಆಸ್ಕರ್ಸ್‌ಹಾಮ್ ಅಣುಸ್ಥಾವರದ ಒಂದು ಘಟಕವನ್ನು ನಿಲ್ಲಿಸಬೇಕಾಯಿತು. ತಂಪು ನೀರಿನ ಕೊಳವೆಗೆ ನಮ್ಮ ಚಂದ್ರ ಲೋಳೆಮೀನು ಅಡರಿತ್ತು. ಇಂಥ ಸುದ್ದಿ ಬಂದಾಗಲೆಲ್ಲ ಲೋಳೆಮೀನು ಸಮುದ್ರವನ್ನೇ ಆಳಲಿದೆ ಅನ್ನುವ ಬರಹಗಳು ಬರುತ್ತವೆ. ನಾನು ಅಷ್ಟು ದೂರ ಹೋಗುವುದಿಲ್ಲ. ಹಳೆಯ ದಾಖಲೆಗಳನ್ನೆಲ್ಲ ಕೂಡಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇವುಗಳ ಸಂಖ್ಯೆ ಸುಮಾರು 20 ವರ್ಷಕ್ಕೊಮ್ಮೆ ಏರಿ ಇಳಿಯುವುದು ಕಂಡಿತು. ಆದರೆ ಕೆಲವು ಜಾಗಗಳಲ್ಲಿ ನಾವೇ ಕೈಯಾರೆ ಕರೆದುಕೊಂಡಿದ್ದೇವೆ. ಅದರ ಊಟಕ್ಕೆ ಪೈಪೋಟಿ ಮಾಡುವ ಮೀನನ್ನು ಬಾಚುತ್ತೇವೆ. ಗೊಬ್ಬರದ ನೀರು ಹರಿಸಿ ಆಮ್ಲಜನಕ ಕುಗ್ಗಿಸುತ್ತೇವೆ, ಅದನ್ನು ಮೀನಿಗಿಂತ ಲೋಳೆಮೀನು ಚೆನ್ನಾಗಿ ತಡೆಯುತ್ತದೆ. ಕಡಲಲ್ಲಿ ಕಟ್ಟೆ, ಕಂಬ ಇಳಿಸುತ್ತೇವೆ. ಬಂಡೆ ಹುಡುಕುತ್ತಿದ್ದ ಆ ಚುಕ್ಕಿ ಮರಿಗೆ ಅದೆಲ್ಲ ಪುಕ್ಕಟೆ ನಿವೇಶನ. ಜನ ತೇಲುವ ಕೊಡೆಗಳನ್ನು ಎಣಿಸುತ್ತಾರೆ, ಕಟ್ಟೆಯ ತಳದ ಪಾಲಿಪ್‌ಗಳನ್ನು ಯಾರೂ ನೋಡುವುದಿಲ್ಲ.

ಇನ್ನು ನಿಮ್ಮ ಚಿತ್ರ. ಅದು ಲೋಳೆಮೀನೇ ಅಲ್ಲ, ಈ ಬಳಗಕ್ಕೂ ಸೇರಿದ್ದಲ್ಲ! ಅದು ಬಾಚಣಿಗೆ ಲೋಳೆ, ಟಿನೊಫೋರ್ ಎಂಬ ಬೇರೆಯೇ ಪಂಗಡ. ಮೈಯುದ್ದಕ್ಕೂ ಎಂಟು ಸಾಲು ಕೂದಲಿನ ಬಾಚಣಿಗೆಗಳಿವೆ, ಅವು ಬಡಿಯುವಾಗ ಬೆಳಕು ಒಡೆದು ಕಾಮನಬಿಲ್ಲು ಹರಿದ ಹಾಗೆ ಕಾಣುತ್ತದೆ. ಕುಟುಕು ಕಣ ಇಲ್ಲ, ಬದಲಿಗೆ ಹೆಚ್ಚಿನವುಗಳಲ್ಲಿ ಗೋಂದಿನಂತೆ ಅಂಟುವ ಜೀವಕೋಶಗಳಿವೆ. ಕೈಗೆ ತಾಗಿದರೂ ಏನೂ ಆಗುವುದಿಲ್ಲ. ಆದರೆ ನಿರುಪದ್ರವಿ ಅನ್ನಬೇಡಿ. ನೆಮಿಯಾಪ್ಸಿಸ್ ಎಂಬ ಒಂದು ಜಾತಿ ಹಡಗುಗಳ ತಳದಲ್ಲಿ ತುಂಬುವ ನೀರಿನ ಜೊತೆ 1980ರ ದಶಕದಲ್ಲಿ ಅಮೆರಿಕದ ಕಡೆಯಿಂದ ಕಪ್ಪು ಸಮುದ್ರಕ್ಕೆ ಬಂದು ಮೀನಿನ ಮೊಟ್ಟೆ, ಮರಿ, ಅವುಗಳ ಆಹಾರ ಎಲ್ಲವನ್ನೂ ಮುಕ್ಕಿತು. ಮೊದಲೇ ಅತಿಯಾಗಿ ಹಿಡಿದು ಸೊರಗಿದ್ದ ಅಲ್ಲಿನ ಆಂಚೊವಿ ಮೀನುಗಾರಿಕೆ ಕುಸಿಯಿತು. ಅದನ್ನು ತಹಬಂದಿಗೆ ತಂದದ್ದು 1997ರಲ್ಲಿ ಅದೇ ರೀತಿ ಬಂದು ಸೇರಿದ ಬೆರೋಯಿ ಎಂಬ ಇನ್ನೊಂದು ಬಾಚಣಿಗೆ ಲೋಳೆ. ಅದರ ಊಟವೇ ನೆಮಿಯಾಪ್ಸಿಸ್. ನಿಮ್ಮ ಚಿತ್ರ ಪಕ್ಕದಿಂದ ತೆಗೆದದ್ದು, ಬಾಯಿಯ ಭಾಗ ಕಾಣುತ್ತಿಲ್ಲ. ಬಾಯಿಯ ಎರಡೂ ಕಡೆ ಅಗಲವಾದ ರೆಕ್ಕೆಯಂಥ ಹಾಲೆಗಳಿದ್ದರೆ ನೆಮಿಯಾಪ್ಸಿಸ್ ತರಹದ್ದು. ಕರಬಳ್ಳಿಯೇ ಇಲ್ಲದೆ ಬರೀ ದೊಡ್ಡ ಬಾಯಿಯ ಚೀಲದ ಹಾಗಿದ್ದರೆ ಬೆರೋಯಿ ತರಹದ್ದು. ಬೇರೆ ಕೋನದಿಂದ ತೆಗೆದ ಚಿತ್ರ ಇದ್ದರೆ ಕಳಿಸಿ, ನೋಡಿ ಹೇಳುತ್ತೇನೆ.